ನಿರೋಧಕ ತಳಿಗೂ ಚುಕ್ಕೆ ಬಂತು: ಗಿಡ ರೋಗಾಣುವನ್ನು ಗುರುತಿಸುವುದು ಹೇಗೆ?

ಓದುಗರ ಪ್ರಶ್ನೆ: ಟೊಮೆಟೊ ಎಲೆ ಮತ್ತು ಕಾಯಿಗಳ ಮೇಲೆ ಕಪ್ಪು ಚುಕ್ಕೆ ತರುವ ಬ್ಯಾಕ್ಟೀರಿಯಾ ರೋಗಕ್ಕೆ ನಿರೋಧಕ ಎಂದು ಲಕೋಟೆಯ ಮೇಲೆ ಬರೆದಿದ್ದ ಹೈಬ್ರಿಡ್ ತಳಿಯೊಂದನ್ನು ಬೆಳೆಯುತ್ತಿದ್ದೇನೆ. ಮೊದಲೆರಡು ವರ್ಷ ಗಿಡಗಳಿಗೆ ಏನೂ ಆಗಲಿಲ್ಲ. ಈ ವರ್ಷ ಅರ್ಧ ಜಾಗದಲ್ಲಿ ಹೊಸದಾಗಿ ತಂದ ಬೀಜವನ್ನೂ ಇನ್ನರ್ಧದಲ್ಲಿ ಕಳೆದ ವರ್ಷದ ಹಣ್ಣಿನಿಂದ ನಾನೇ ತೆಗೆದಿಟ್ಟ ಬೀಜವನ್ನೂ ಬಿತ್ತಿದೆ. ತಂಪಾದ ಮಳೆಯ ದಿನಗಳು ಕಳೆಯುತ್ತಲೇ ಎರಡೂ ಕಡೆ ಹಳದಿ ಅಂಚಿನ ಸಣ್ಣ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ನನ್ನ ಬೀಜದ ಸಾಲುಗಳಲ್ಲಿ ಹೆಚ್ಚು. ತಳಿಯ ಶಕ್ತಿ ಕುಂದಿತೇ? ರಕ್ತವಾಗಲಿ ನರವಾಗಲಿ ಇಲ್ಲದ ಗಿಡಕ್ಕೆ ರೋಗಾಣು ಬಂದದ್ದು ತಿಳಿಯುವುದಾದರೂ ಹೇಗೆ? ಆಸ್ಪಿರಿನ್ ಕರಗಿಸಿ ಸಿಂಪಡಿಸಿದರೆ ಗಿಡದ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎನ್ನುತ್ತಾರೆ, ಅದು ನಿಜವೇ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆಯಾದರೂ ಅವುಗಳ ಹಿಂದಿರುವ ಆತಂಕ ಒಂದೇ. ನಿರೋಧಕ ಎಂದು ನಂಬಿ ಬೆಳೆದ ಗಿಡ ಕೈಕೊಟ್ಟಿತಲ್ಲ, ಇನ್ನು ಯಾವ ತಳಿಯನ್ನು ನಂಬುವುದು ಎಂಬ ಆತಂಕ. ಮೂರಕ್ಕೂ ಉತ್ತರ ಸಿಗುವುದು ಎರಡನೆಯ ಪ್ರಶ್ನೆಯಲ್ಲಿ, ಅಂದರೆ ಗಿಡಕ್ಕೆ ರೋಗಾಣುವಿನ ಸುಳಿವು ಸಿಗುವುದು ಹೇಗೆ ಎಂಬುದರಲ್ಲಿ. ಆದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮ ಹೊಲದ ಚುಕ್ಕೆಗಳಿಗೆ ಬರಲು ಸ್ವಲ್ಪ ತಡವಾಗಬಹುದು, ಆದರೆ ಆ ಹಾದಿಯಲ್ಲೇ ಬಂದರೆ ನಿರ್ಧಾರ ಸುಲಭವಾಗುತ್ತದೆ.

ಮನುಷ್ಯರ ದೇಹದಲ್ಲಿ ರೋಗಾಣುವನ್ನು ಹುಡುಕಿಕೊಂಡು ತಿರುಗುವ ಬಿಳಿ ರಕ್ತಕಣಗಳಿವೆ. ಒಮ್ಮೆ ಕಂಡ ರೋಗಾಣುವಿಗೆ ಹೊಸ ಪ್ರತಿಕಾಯಗಳನ್ನು ತಯಾರಿಸಿ ನೆನಪಿಟ್ಟುಕೊಳ್ಳುವ ವ್ಯವಸ್ಥೆಯೂ ಇದೆ. ಗಿಡದಲ್ಲಿ ಇವೆರಡೂ ಇಲ್ಲ. ಪ್ರತಿಯೊಂದು ಜೀವಕೋಶವೂ ಗಟ್ಟಿಯಾದ ಭಿತ್ತಿಯೊಳಗೆ ಇದ್ದಲ್ಲೇ ಇರುತ್ತದೆ, ತನ್ನ ಕಾವಲನ್ನು ತಾನೇ ಮಾಡಿಕೊಳ್ಳುತ್ತದೆ. ಆ ಕಾವಲಿಗೆ ಬೇಕಾದ ಗ್ರಾಹಕ ಪ್ರೋಟೀನುಗಳು, ಅಂದರೆ ರಿಸೆಪ್ಟರ್‌ಗಳು, ಹುಟ್ಟುವಾಗಲೇ ವಂಶವಾಹಿಗಳ ಮೂಲಕ ಬಂದಿರುತ್ತವೆ. ಒಂದು ಗಿಡ ತನ್ನ ಜೀವಿತಾವಧಿಯಲ್ಲಿ ಹೊಸ ಗ್ರಾಹಕವನ್ನು ಸೃಷ್ಟಿಸಿಕೊಳ್ಳಲಾರದು. ಹೊಸದು ಬರಬೇಕಾದರೆ ತಲೆಮಾರುಗಳು ಕಳೆಯಬೇಕು, ಇಲ್ಲವೇ ತಳಿವಿಜ್ಞಾನಿ ಬೇರೆ ಗಿಡದಿಂದ ಅದನ್ನು ತರಬೇಕು. ಗಿಡಕ್ಕೆ ಲಸಿಕೆ ಹಾಕಿದಂತೆ ಒಂದು ರೋಗದ ಪರಿಚಯ ಮಾಡಿಸಬಹುದು ಎಂಬ ಮಾತು ಆಗಾಗ ಕೇಳಿಬರುತ್ತದೆ, ಆದರೆ ನಾವು ಲಸಿಕೆಗೆ ಕೊಡುವ ಅರ್ಥದಲ್ಲಿ ಅದು ಸರಿಯಲ್ಲ.

ಈ ಗ್ರಾಹಕಗಳಲ್ಲಿ ಎರಡು ಬಗೆ. ಮೊದಲನೆಯವು ಕೋಶಪೊರೆಯ ಮೇಲಿದ್ದು ಹೊರಗಿನದನ್ನು ಗಮನಿಸುತ್ತವೆ. ಇವು ಗುರುತಿಸುವುದು ಇಡೀ ಬ್ಯಾಕ್ಟೀರಿಯಾವನ್ನಲ್ಲ, ಅದರ ದೇಹದ ಒಂದು ಚಿಕ್ಕ ಭಾಗವನ್ನು. ಅದೂ ಬ್ಯಾಕ್ಟೀರಿಯಾ ಸುಲಭವಾಗಿ ಬಿಟ್ಟುಕೊಡಲಾಗದಂಥ ಭಾಗವನ್ನು. ಅತ್ಯಂತ ಚೆನ್ನಾಗಿ ತಿಳಿದಿರುವ ಉದಾಹರಣೆ ಎಫ್‌ಎಲ್‌ಎಸ್2 ಎಂಬ ಗ್ರಾಹಕ. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದಂಥ ಕಶಾಂಗವು ಫ್ಲ್ಯಾಜೆಲಿನ್ ಎಂಬ ಪ್ರೋಟೀನಿನಿಂದ ಆಗಿದೆ, ಅದರಲ್ಲಿ 22 ಅಮೈನೊ ಆಮ್ಲಗಳ ಒಂದು ತುಂಡು ಬಹುತೇಕ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚು ಬದಲಾಗದೆ ಉಳಿದಿದೆ. ಆ ತುಂಡಿಗೆ ಗಿಡದ ಕೋಶಗಳು ಪ್ರತಿಕ್ರಿಯಿಸುತ್ತವೆ ಎಂದು 1999ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಥಾಮಸ್ ಬೋಲರ್ ಅವರ ತಂಡ ತೋರಿಸಿತು; ಮರುವರ್ಷ ಅದೇ ತಂಡ ಅರಬಿಡಾಪ್ಸಿಸ್ ಎಂಬ ಸಣ್ಣ ಪ್ರಯೋಗಸಸ್ಯದಲ್ಲಿ ಅದಕ್ಕೆ ಹೊಂದುವ ಗ್ರಾಹಕವನ್ನು ಪತ್ತೆಮಾಡಿತು. ಟೊಮೆಟೊದಲ್ಲೂ ಈ ಗ್ರಾಹಕವಿದೆ, ಜೊತೆಗೆ ಫ್ಲ್ಯಾಜೆಲಿನ್‌ನ ಮತ್ತೊಂದು ತುಂಡನ್ನು ಗುರುತಿಸುವ ಎಫ್‌ಎಲ್‌ಎಸ್3 ಕೂಡ ಇದೆ. ಶಿಲೀಂಧ್ರಗಳ ಕೋಶಭಿತ್ತಿಯ ಕೈಟಿನ್ ಅನ್ನು ಗುರುತಿಸಲು ಬೇರೆಯೇ ಗ್ರಾಹಕಗಳಿವೆ.

ಎಫ್‌ಎಲ್‌ಎಸ್2 ಅಣುವಿನ ಹೊರಭಾಗವು ಒಂದೇ ಮಾದರಿಯ 28 ಮಡಿಕೆಗಳು ಸಾಲಾಗಿ ಸೇರಿ ಬಾಗಿದ ಆಕಾರದಲ್ಲಿದೆ. ಫ್ಲ್ಯಾಜೆಲಿನ್ ತುಂಡು ಆ ಬಾಗಿನ ಒಳಮೈಗೆ ಬಂದು ಕೂತಾಗ ಪಕ್ಕದಲ್ಲಿರುವ ಬಿಎಕೆ1 ಎಂಬ ಜೊತೆಗಾರ ಪ್ರೋಟೀನು ಅಂಟಿಕೊಳ್ಳುತ್ತದೆ. ಎರಡೂ ಕೂಡಿದ ಕ್ಷಣದಿಂದ, ಪೊರೆಯ ಒಳಬದಿಯಲ್ಲಿರುವ ಅವುಗಳ ಭಾಗಗಳು ಒಂದಕ್ಕೊಂದು ಫಾಸ್ಫೇಟ್ ಗುಂಪುಗಳನ್ನು ಸೇರಿಸತೊಡಗುತ್ತವೆ, ಸುದ್ದಿ ಒಳಗೆ ಸಾಗುತ್ತದೆ. ಮುಂದಿನದೆಲ್ಲ ಬೇಗನೆ ನಡೆಯುತ್ತದೆ. ನಿಮಿಷದೊಳಗಾಗಿ ಕ್ಯಾಲ್ಸಿಯಂ ಅಯಾನುಗಳು ಕೋಶದೊಳಕ್ಕೆ ನುಗ್ಗುತ್ತವೆ. ಹತ್ತು ಹದಿನೈದು ನಿಮಿಷಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಚುರುಕಾದ ಆಮ್ಲಜನಕ ಸಂಯುಕ್ತಗಳು ಕೋಶದ ಹೊರಗೆ ಹೆಚ್ಚುತ್ತವೆ. ಗಂಟೆಯೊಳಗೆ ಎಲೆಯ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ಕೆಲವು ಗಂಟೆಗಳಲ್ಲಿ ದಾಳಿಯ ಜಾಗದ ಕೋಶಭಿತ್ತಿಗೆ ಕ್ಯಾಲೋಸ್ ಎಂಬ ಪದಾರ್ಥದ ಪದರ ಸೇರುತ್ತದೆ. ನೂರಾರು ವಂಶವಾಹಿಗಳು ಕೆಲಸಕ್ಕೆ ತೊಡಗುತ್ತವೆ. ಗಿಡದ ಮೇಲೆ ಗಾಳಿಯಲ್ಲೂ ಮಣ್ಣಿನಲ್ಲೂ ಇರುವ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಬಂದು ಕೂರುತ್ತವೆ, ಆದರೂ ಬಹುಪಾಲು ಗಿಡಗಳು ಬಹುಪಾಲು ಸಮಯ ಆರೋಗ್ಯವಾಗಿಯೇ ಇರುತ್ತವೆ ಎಂಬುದಕ್ಕೆ ಈ ಮೊದಲ ಹಂತದ ಕಾವಲು ಬಹುದೊಡ್ಡ ಕಾರಣ. ಕಣ್ಣಿಗೆ ಕಾಣದ ಈ ಕೆಲಸಕ್ಕೆ ನಾವು ಸಲ್ಲಿಸಬೇಕಾದ ಗೌರವವನ್ನು ಸಲ್ಲಿಸುತ್ತಿಲ್ಲ ಎಂದು ನನಗೆ ಸದಾ ಅನ್ನಿಸುತ್ತದೆ.

ಹಾಗಾದರೆ ರೋಗ ಬರುವುದೇಕೆ? ರೋಗ ತರುವಲ್ಲಿ ಯಶಸ್ವಿಯಾದ ರೋಗಾಣುಗಳು ಈ ಕಾವಲನ್ನು ಅಡಗಿಸುವುದನ್ನು ಕಲಿತಿವೆ. ನಿಮ್ಮ ಟೊಮೆಟೊ ಚುಕ್ಕೆಗೆ ಕಾರಣವಾಗಿರಬಹುದಾದ ಸ್ಯೂಡೋಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ ಈ ವಿದ್ಯೆಯಲ್ಲಿ ನಿಪುಣ. ಅದು ಕೊರೊನಟೈನ್ ಎಂಬ ವಿಷವನ್ನು ತಯಾರಿಸುತ್ತದೆ. ಆ ವಿಷ ಗಿಡದ ಜಾಸ್ಮೋನಿಕ್ ಆಮ್ಲದ ಹಾರ್ಮೋನಿನಂತೆ ನಟಿಸಿ, ಮುಚ್ಚಿದ್ದ ಪತ್ರರಂಧ್ರಗಳನ್ನು ಮೂರು ನಾಲ್ಕು ಗಂಟೆಗಳಲ್ಲಿ ಮತ್ತೆ ತೆರೆಸುತ್ತದೆ. ಒಳಹೊಕ್ಕ ಬ್ಯಾಕ್ಟೀರಿಯಾ ಸೂಜಿಯಂಥ ರಚನೆಯೊಂದರ ಮೂಲಕ ಎಫೆಕ್ಟರ್ ಎಂಬ ಪ್ರೋಟೀನುಗಳನ್ನು ನೇರವಾಗಿ ಗಿಡದ ಕೋಶದೊಳಕ್ಕೆ ತೂರಿಸುತ್ತದೆ. ಅವುಗಳಲ್ಲಿ ಏವಿಆರ್‌ಪಿಟಿಓ ಮತ್ತು ಏವಿಆರ್‌ಪಿಟಿಓಬಿ ಎಂಬೆರಡು, ಮೇಲೆ ಹೇಳಿದ ಗ್ರಾಹಕ ಸಂಕೀರ್ಣದ ಕೆಲಸವನ್ನೇ ತಡೆಯುತ್ತವೆ.

ಇಲ್ಲಿ ಎರಡನೆಯ ಬಗೆಯ ಗ್ರಾಹಕಗಳು ಬರುತ್ತವೆ. ಇವು ಕೋಶದ ಒಳಗಿರುತ್ತವೆ. ಎನ್‌ಎಲ್‌ಆರ್ ಪ್ರೋಟೀನುಗಳೆಂದು ಕರೆಯುತ್ತಾರೆ. ಅರಬಿಡಾಪ್ಸಿಸ್‌ನಲ್ಲಿ ಇಂಥವು ಸುಮಾರು 150 ಇವೆ. ಭತ್ತದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಅವುಗಳ ಕೆಲಸ ಒಳನುಗ್ಗಿದ ಎಫೆಕ್ಟರ್‌ಗಳನ್ನು ಗುರುತಿಸುವುದು. ಕೆಲವು ಎನ್‌ಎಲ್‌ಆರ್‌ಗಳು ಎಫೆಕ್ಟರನ್ನು ನೇರವಾಗಿ ಹಿಡಿಯುತ್ತವೆ. ಇನ್ನು ಕೆಲವು ಎಫೆಕ್ಟರ್ ಯಾವುದಕ್ಕೆ ಹಾನಿ ಮಾಡುತ್ತದೆಯೋ ಆ ಪ್ರೋಟೀನಿನ ಬಳಿ ಕಾದಿದ್ದು, ಅದಕ್ಕೆ ಏನಾದರೂ ಆಯಿತೆಂದು ಕಂಡ ಕೂಡಲೇ ಎಚ್ಚರಗೊಳ್ಳುತ್ತವೆ. ಅರಬಿಡಾಪ್ಸಿಸ್‌ನ ರಿನ್4 ಎಂಬ ಒಂದೇ ಪ್ರೋಟೀನನ್ನು ಎರಡು ಬೇರೆ ಬೇರೆ ಎನ್‌ಎಲ್‌ಆರ್‌ಗಳು ಕಾಯುತ್ತವೆ. ಟೊಮೆಟೊದಲ್ಲಿರುವ ಏರ್ಪಾಡು ಇನ್ನೂ ಜಾಣತನದ್ದು. ಅಲ್ಲಿ ಪಿಟಿಓ ಎಂಬ ಪ್ರೋಟೀನು, ಎಫೆಕ್ಟರ್‌ಗಳು ತಡೆಯಲು ಹೊರಟ ಕೋಶಪೊರೆಯ ಗ್ರಾಹಕಗಳ ಒಳಭಾಗವನ್ನೇ ಹೋಲುತ್ತದೆ. ಇಲಿಬೋನಿನಲ್ಲಿ ಸಿಕ್ಕಿಸಿದ ತಿಂಡಿಯ ತುಣುಕಿನಂತೆ ಅದು ಇರುತ್ತದೆ. ಎಫೆಕ್ಟರ್ ಬಂದು ಅದಕ್ಕೆ ಅಂಟಿಕೊಂಡಾಗ ಅದರ ಜೊತೆಯಲ್ಲಿರುವ ಪಿಆರ್‌ಎಫ್ ಎಂಬ ಎನ್‌ಎಲ್‌ಆರ್ ಎಚ್ಚರಗೊಳ್ಳುತ್ತದೆ. ಪಿಟಿಓ ವಂಶವಾಹಿಯನ್ನು 1993ರಲ್ಲಿ ಪ್ರತ್ಯೇಕಿಸಲಾಯಿತು. ಅದು ನಮ್ಮ ಬೆಳೆಗೆ ಬಂದದ್ದು ಬಟಾಣಿಯಷ್ಟು ಸಣ್ಣ ಹಣ್ಣು ಬಿಡುವ ಕಾಡು ಟೊಮೆಟೊದಿಂದ, ಮತ್ತು ನಿಮ್ಮ ಲಕೋಟೆಯ ಮೇಲಿನ ಭರವಸೆ ಹೆಚ್ಚೂಕಡಿಮೆ ಖಂಡಿತವಾಗಿ ಈ ಒಂದು ವಂಶವಾಹಿಯನ್ನೇ ಆಧರಿಸಿದೆ.

ಎಚ್ಚರಗೊಂಡ ಎನ್‌ಎಲ್‌ಆರ್ ಏನು ಮಾಡುತ್ತದೆ ಎಂಬುದು ಬಹುಕಾಲ ನಿಗೂಢವಾಗಿತ್ತು. 2019ರಲ್ಲಿ ಚೀನಾದ ವಿಜ್ಞಾನಿಗಳು ಝಾರ್1 ಎಂಬ ಎನ್‌ಎಲ್‌ಆರ್‌ನ ರಚನೆಯನ್ನು ಬಿಡಿಸಿ ತೋರಿಸಿದರು: ಐದು ಅಣುಗಳು ಚಕ್ರದಂತೆ ಸೇರಿ, ಅವುಗಳ ತುದಿಗಳು ಆಲಿಕೆಯಾಕಾರದಲ್ಲಿ ಮುಂದೆ ಚಾಚಿಕೊಳ್ಳುತ್ತವೆ. ಆ ಆಲಿಕೆ ಕೋಶಪೊರೆಯನ್ನು ಹೊಕ್ಕು ಕ್ಯಾಲ್ಸಿಯಂ ಒಳಬರುವ ದ್ವಾರವಾಗುತ್ತದೆ ಎಂಬುದು 2021ರಲ್ಲಿ ಸ್ಪಷ್ಟವಾಯಿತು. ಬೇರೊಂದು ಗುಂಪಿನ ಎನ್‌ಎಲ್‌ಆರ್‌ಗಳು ನಾಲ್ಕರ ಕೂಟವಾಗಿ ಸೇರಿ ಕಿಣ್ವವಾಗಿ ಕೆಲಸ ಮಾಡಿ, ಸಣ್ಣ ಸಂದೇಶ ಅಣುಗಳನ್ನು ತಯಾರಿಸಿ, ಸಹಾಯಕ ಎನ್‌ಎಲ್‌ಆರ್‌ಗಳನ್ನು ಎಬ್ಬಿಸುತ್ತವೆ. ದಾರಿ ಯಾವುದಾದರೂ ಕೊನೆಗೆ ಸೋಂಕು ತಗುಲಿದ ಕೋಶ ತಾನಾಗಿ ಸಾಯುವುದು ಸಾಮಾನ್ಯ. ಜೀವಂತ ಕೋಶದಿಂದಲೇ ಆಹಾರ ಪಡೆಯುವ ರೋಗಾಣುವಿಗೆ ಅಲ್ಲಿ ಬದುಕಲು ಏನೂ ಉಳಿಯುವುದಿಲ್ಲ. ಮೊದಲು ಈ ಎರಡು ಹಂತಗಳನ್ನು ಬೇರೆ ಬೇರೆ ಗೋಡೆಗಳೆಂದು ಪಾಠ ಹೇಳುತ್ತಿದ್ದೆವು, ಆದರೆ 2021ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಒಂದು ಇನ್ನೊಂದನ್ನು ಬಲಪಡಿಸುತ್ತದೆ, ಹೊರಗಿನ ಗ್ರಾಹಕಗಳಿಲ್ಲದೆ ಒಳಗಿನವುಗಳ ಕೆಲಸ ದುರ್ಬಲವಾಗುತ್ತದೆ ಎಂದು ತೋರಿಸಿವೆ.

ಇಷ್ಟು ಹೇಳಿದ ಮೇಲೆ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಕೊಡಬಹುದು. ತಳಿಯ ಶಕ್ತಿ ಕುಂದಿಲ್ಲ. ಪಿಟಿಓ ಇದ್ದ ಗಿಡದಲ್ಲಿ ಅದು ಈಗಲೂ ಹಾಗೇ ಇದೆ. ಅದು ಗುರುತಿಸುತ್ತಿದ್ದ ಎಫೆಕ್ಟರ್‌ಗಳನ್ನು ಬ್ಯಾಕ್ಟೀರಿಯಾ ಕಳೆದುಕೊಂಡಿದ್ದರೆ ಅಥವಾ ಬದಲಿಸಿಕೊಂಡಿದ್ದರೆ ಗಿಡಕ್ಕೆ ಅದು ಕಾಣಿಸುವುದಿಲ್ಲ, ಅಷ್ಟೇ. ಈ ಸಂಬಂಧವನ್ನು ಮೊದಲು ಕಂಡುಕೊಂಡವರು ಅಮೆರಿಕದ ನಾರ್ತ್ ಡಕೋಟಾದಲ್ಲಿ ಅಗಸೆಯ ತುಕ್ಕು ರೋಗವನ್ನು ಅಭ್ಯಾಸ ಮಾಡಿದ ಹೆರಾಲ್ಡ್ ಫ್ಲೋರ್. ಗಿಡದ ಪ್ರತಿಯೊಂದು ನಿರೋಧಕ ವಂಶವಾಹಿಗೆ ರೋಗಾಣುವಿನಲ್ಲಿ ಹೊಂದುವ ಒಂದು ವಂಶವಾಹಿ ಇರಬೇಕು, ಎರಡೂ ಇದ್ದಾಗ ಮಾತ್ರ ಗಿಡ ಗೆಲ್ಲುತ್ತದೆ ಎಂದು ಅವರು 1940ರ ದಶಕದಲ್ಲಿ, ಗ್ರಾಹಕಗಳ ಕಲ್ಪನೆಯೂ ಸ್ಪಷ್ಟವಾಗಿರದ ಕಾಲದಲ್ಲಿ, ಬರಿಯ ಸಂಕರಣ ಪ್ರಯೋಗಗಳಿಂದ ತೋರಿಸಿಕೊಟ್ಟರು. ಗೋಧಿಯ ಎಸ್‌ಆರ್31 ಎಂಬ ವಂಶವಾಹಿ ದಶಕಗಳ ಕಾಲ ಕಾಂಡದ ತುಕ್ಕು ರೋಗವನ್ನು ತಡೆದಿತ್ತು. 1998ರಲ್ಲಿ ಉಗಾಂಡದಲ್ಲಿ ಕಾಣಿಸಿಕೊಂಡು ಮುಂದೆ ಯುಜಿ99 ಎಂದು ಹೆಸರಾದ ರೇಸ್, ಅಂದರೆ ಅದೇ ರೋಗಾಣುವಿನ ಒಂದು ಉಪಬಗೆ, ಅದನ್ನು ದಾಟಿತು. ಟೊಮೆಟೊದ ಬ್ಯಾಕ್ಟೀರಿಯಾದಲ್ಲೂ ಹಾಗೆಯೇ: ಪಿಟಿಓಗೆ ಸಿಕ್ಕಿಬೀಳುವುದನ್ನು ರೇಸ್ 0 ಎಂದೂ ಸಿಗದಿರುವುದನ್ನು ರೇಸ್ 1 ಎಂದೂ ಕರೆಯುತ್ತಾರೆ. ರೇಸ್ 1ರ ಮುಂದೆ ನಿಮ್ಮ ತಳಿ ಸಾಧಾರಣ ಟೊಮೆಟೊದಂತೆಯೇ.

ಆದರೆ ಅದೇ ಕಾರಣ ಎಂದು ತೀರ್ಮಾನಿಸುವ ಮೊದಲು ಇನ್ನೊಂದನ್ನು ತಳ್ಳಿಹಾಕಬೇಕು. ಜ್ಯಾಂತೊಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಕೂಡ ಟೊಮೆಟೊದಲ್ಲಿ ಚುಕ್ಕೆ ತರುತ್ತದೆ. ಎಳೆಯ ಚುಕ್ಕೆಗಳನ್ನು ಕಣ್ಣಿನಿಂದ ನೋಡಿ ಇದು ಅದು ಎಂದು ಹೇಳುವುದು ಅನುಭವಿಗಳಿಗೂ ಕಷ್ಟ. ಪಿಟಿಓ ಅದರ ವಿರುದ್ಧ ನಿರೋಧ ಕೊಡುವುದಿಲ್ಲ. ನಿರೋಧಕ ತಳಿ ಸೋತಿತು ಎಂದು ನನ್ನ ಬಳಿ ಬರುವ ದೂರುಗಳಲ್ಲಿ ಹಲವು ಕೊನೆಗೆ ಬೇರೆಯೇ ರೋಗವಾಗಿರುತ್ತವೆ. ನೀವು ತಂಪು ಮತ್ತು ಮಳೆ ಎಂದು ಬರೆದಿರುವುದರಿಂದ ಸ್ಯೂಡೋಮೊನಾಸ್ ಕಡೆಗೆ ನನ್ನ ಒಲವಿದೆ, ಏಕೆಂದರೆ ಜ್ಯಾಂತೊಮೊನಾಸ್ ಬೆಚ್ಚಗಿನ ಹವೆಯಲ್ಲಿ ಹೆಚ್ಚು. ಆದರೂ ಪ್ರಯೋಗಾಲಯದ ಪರೀಕ್ಷೆಗೆ ಒಲವು ಬದಲಿಯಾಗಲಾರದು.

ನಿಮ್ಮ ಬೀಜದ ಸಾಲುಗಳಲ್ಲಿ ರೋಗ ಹೆಚ್ಚಿರುವುದು ನನಗೆ ಬಹಳ ಮುಖ್ಯವಾದ ಸುಳಿವಾಗಿ ಕಾಣುತ್ತದೆ. ಪಿಟಿಓ ಪ್ರಬಲ ವಂಶವಾಹಿ. ಹೈಬ್ರಿಡ್‌ನ ಎರಡು ಪೋಷಕ ತಳಿಗಳಲ್ಲಿ ಒಂದರಲ್ಲಿ ಮಾತ್ರ ಅದು ಇದ್ದರೂ ಹೈಬ್ರಿಡ್ ಗಿಡಗಳೆಲ್ಲವೂ ನಿರೋಧಕವಾಗಿರುತ್ತವೆ. ಆದರೆ ಅವುಗಳ ಹಣ್ಣಿನ ಬೀಜದಿಂದ ಬರುವ ಮುಂದಿನ ತಲೆಮಾರಿನಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಗಿಡಕ್ಕೆ ಅದು ಸಿಗುವುದೇ ಇಲ್ಲ. ನಿಮ್ಮ ಸಾಲುಗಳಲ್ಲಿ ಕೆಲವು ಗಿಡಗಳಿಗೆ ರೋಗ ತೀವ್ರವಾಗಿದ್ದು ಅವುಗಳ ಪಕ್ಕದವು ಸ್ವಚ್ಛವಾಗಿದ್ದರೆ ಇದನ್ನು ಅನುಮಾನಿಸಬೇಕು. ಆದರೆ ಹೊಸ ಬೀಜದ ಭಾಗಕ್ಕೂ ರೋಗ ಬಂದಿರುವುದನ್ನು ಇದು ವಿವರಿಸುವುದಿಲ್ಲ. ಅದಕ್ಕೆ ರೇಸ್ 1 ಅಥವಾ ಬೇರೆ ಬ್ಯಾಕ್ಟೀರಿಯಾ ಬೇಕೇ ಬೇಕು. ಹಾಗಿದ್ದ ಪಕ್ಷದಲ್ಲಿ ನಿಮ್ಮ ಸಾಲುಗಳ ಹೆಚ್ಚುವರಿ ರೋಗಕ್ಕೆ ಹೆಚ್ಚು ಸಂಭವನೀಯ ಕಾರಣ, ಬ್ಯಾಕ್ಟೀರಿಯಾ ಬೀಜದ ಮೇಲೆಯೇ ಕೂತು ಬಂದಿರುವುದು. ಈ ಎರಡೂ ಬ್ಯಾಕ್ಟೀರಿಯಾಗಳು ಬೀಜದ ಮೂಲಕ ಹರಡುತ್ತವೆ, ಮತ್ತು ಕಳೆದ ವರ್ಷ ಗಮನಕ್ಕೆ ಬಾರದಷ್ಟು ಕಡಿಮೆ ಪ್ರಮಾಣದಲ್ಲಿ ಸೋಂಕು ಇದ್ದಿರಬಹುದು.

ಬಿಸಿಲಿನ ಝಳಕ್ಕೆ ನಿರೋಧ ಹೋಗಿರಬಹುದೇ ಎಂದು ಕೆಲವರು ಕೇಳುತ್ತಾರೆ. ಅದು ಸುಳ್ಳಲ್ಲ: ಟೊಮೆಟೊಗೆ ಬೇರುಗಂಟು ಜಂತುಹುಳುವಿನಿಂದ ರಕ್ಷಣೆ ಕೊಡುವ ಎಂಐ ಎಂಬ ಎನ್‌ಎಲ್‌ಆರ್ ವಂಶವಾಹಿ ಮಣ್ಣಿನ ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕೆಲಸ ನಿಲ್ಲಿಸುತ್ತದೆ. ನಿಮ್ಮಲ್ಲಿ ತಂಪಿದ್ದದ್ದರಿಂದ ಈ ಕಾರಣವನ್ನು ಬದಿಗಿಡಬಹುದು.

ಇನ್ನು ಆಸ್ಪಿರಿನ್. ಈ ಮಾತಿಗೆ ಒಂದು ನಿಜವಾದ ಮೂಲವಿದೆ. 1979ರಲ್ಲಿ ಆರ್. ಎಫ್. ವೈಟ್ ಎಂಬ ವಿಜ್ಞಾನಿ ತಂಬಾಕಿನ ಎಲೆಗಳಿಗೆ ಆಸ್ಪಿರಿನ್ ದ್ರಾವಣವನ್ನು ಚುಚ್ಚಿದಾಗ ಮೊಸಾಯಿಕ್ ವೈರಸ್‌ನ ಕಲೆಗಳು ಕಡಿಮೆಯಾದದ್ದನ್ನು ಕಂಡರು. ಗಿಡದ ಒಂದೆಡೆ ರೋಗಾಣು ಗುರುತಿಗೆ ಸಿಕ್ಕಾಗ ಇಡೀ ಗಿಡವನ್ನು ಎಚ್ಚರಿಸುವ ವ್ಯವಸ್ಥೆಯಲ್ಲಿ ಸ್ಯಾಲಿಸಿಲಿಕ್ ಆಮ್ಲಕ್ಕೆ ಪ್ರಮುಖ ಸ್ಥಾನವಿದೆ, ಆಸ್ಪಿರಿನ್ ಅದಕ್ಕೆ ಹತ್ತಿರದ ಸಂಬಂಧಿ. ಆದರೆ ವೈಟ್ ಬಳಸಿದ ತಂಬಾಕು ಆ ವೈರಸ್ಸನ್ನು ಗುರುತಿಸುವ ಎನ್ ಎಂಬ ವಂಶವಾಹಿಯನ್ನು ಮೊದಲೇ ಹೊಂದಿತ್ತು. ಗ್ರಾಹಕವೇ ಗುರುತಿಸದ ರೋಗಾಣುವಿನ ಎದುರು ಆಸ್ಪಿರಿನ್ ಹೊಸ ಗ್ರಾಹಕವನ್ನು ಕೊಡಲಾರದು, ಹೆಚ್ಚೆಂದರೆ ಸಾಮಾನ್ಯ ಎಚ್ಚರಿಕೆಯ ಮಟ್ಟವನ್ನು ಸ್ವಲ್ಪ ಏರಿಸೀತು. ಪ್ರಮಾಣ ಹೆಚ್ಚಾದರೆ ಎಲೆ ಸುಡುತ್ತದೆ. ಇನ್ನೊಂದು ತೊಡಕೂ ಇದೆ: ಸ್ಯಾಲಿಸಿಲಿಕ್ ಆಮ್ಲದ ದಾರಿ ಮತ್ತು ಜಾಸ್ಮೋನಿಕ್ ಆಮ್ಲದ ದಾರಿ ಅನೇಕ ವೇಳೆ ಒಂದನ್ನೊಂದು ತಗ್ಗಿಸುತ್ತವೆ. ಮೊದಲನೆಯದನ್ನು ಬಲವಂತವಾಗಿ ಏರಿಸಿದಾಗ, ಕೋಶಗಳನ್ನು ಕೊಂದು ತಿನ್ನುವ ಶಿಲೀಂಧ್ರಗಳ ಹಾಗೂ ಎಲೆ ತಿನ್ನುವ ಹುಳುಗಳ ವಿರುದ್ಧದ ರಕ್ಷಣೆ ಕುಗ್ಗಬಹುದು. ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ಗಿಡದ ಮಟ್ಟಿಗೆ ನಿಜವಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ತುಕ್ಕು ರೋಗಕ್ಕೆ ನಿರೋಧಕವೆಂದು ಬೆಳೆಸಿದ ವಿಕ್ಟೋರಿಯಾ ಮೂಲದ ಓಟ್ಸ್ ತಳಿಗಳನ್ನು ಬೇರೊಂದು ಶಿಲೀಂಧ್ರ ನಾಶಮಾಡಿತು. ಅದರ ವಿಷವು ಗಿಡದ ಈ ಕೋಶಮರಣದ ಪ್ರತಿಕ್ರಿಯೆಯನ್ನೇ ತನ್ನ ಲಾಭಕ್ಕೆ ಬಳಸಿಕೊಂಡಿತು. ರೋಗಾಣುವಿಲ್ಲದಿದ್ದಾಗಲೂ ಗ್ರಾಹಕವನ್ನು ಹೊತ್ತಿರುವುದಕ್ಕೆ ಬೆಲೆ ತೆರಬೇಕಾಗಬಹುದು: ಅರಬಿಡಾಪ್ಸಿಸ್‌ನ ಆರ್‌ಪಿಎಂ1 ಎಂಬ ಒಂದೇ ವಂಶವಾಹಿ ಬೀಜದ ಇಳುವರಿಯನ್ನು ಸುಮಾರು 9 ಶೇಕಡ ಕಡಿಮೆ ಮಾಡುತ್ತದೆ ಎಂದು 2003ರ ಹೊಲದ ಪ್ರಯೋಗವೊಂದು ಅಳೆದಿದೆ.

ಸ್ಯಾಲಿಸಿಲಿಕ್ ಆಮ್ಲದ ದಾರಿಯಲ್ಲೇ ಕೆಲಸ ಮಾಡುವ, ಆದರೆ ಪ್ರಮಾಣ ಮತ್ತು ಸುರಕ್ಷತೆ ಪರೀಕ್ಷೆಗೆ ಒಳಪಟ್ಟಿರುವ ಅಸಿಬೆಂಜೊಲಾರ್ ಎಂಬ ಪದಾರ್ಥವಿದೆ. ನಿಮ್ಮಲ್ಲಿ ಟೊಮೆಟೊ ಬೆಳೆಗೆ ಅದರ ಬಳಕೆಗೆ ಅನುಮತಿ ಇದ್ದರೆ ಪರಿಗಣಿಸಬಹುದು. ಅದನ್ನು ರೋಗ ಬರುವ ಮೊದಲೇ ಕೊಡಬೇಕು, ಬಂದ ಚುಕ್ಕೆಗಳನ್ನು ಅದು ಅಳಿಸುವುದಿಲ್ಲ. ಮತ್ತೆ ಮತ್ತೆ ಬಳಸಿದರೆ ಬೆಳವಣಿಗೆಯೂ ಇಳುವರಿಯೂ ಕುಗ್ಗಬಹುದು. ತಾಮ್ರದ ಸಿಂಪರಣೆ ಎಲೆಯ ಮೇಲ್ಮೈಯಲ್ಲಿ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಒಳಹೊಕ್ಕದ್ದನ್ನು ಮುಟ್ಟುವುದಿಲ್ಲ. ತಾಮ್ರವನ್ನು ತಾಳಿಕೊಳ್ಳುವ ಬ್ಯಾಕ್ಟೀರಿಯಾಗಳು ಈಗ ಅಪರೂಪವಲ್ಲವಾದ್ದರಿಂದ ವಾರವಾರವೂ ಕಣ್ಣುಮುಚ್ಚಿ ಸಿಂಪಡಿಸುವುದನ್ನು ನಾನು ಒಪ್ಪುವುದಿಲ್ಲ.

ದೀರ್ಘಕಾಲದ ದಾರಿ ತಳಿಗಳಲ್ಲೇ ಇದೆ. ಒಂದೇ ಗ್ರಾಹಕವನ್ನು ನಂಬುವ ಬದಲು ಬೇರೆ ಬೇರೆ ಎಫೆಕ್ಟರ್‌ಗಳನ್ನು ಗುರುತಿಸುವ ಹಲವನ್ನು ಒಂದೇ ತಳಿಯಲ್ಲಿ ಸೇರಿಸಿದರೆ, ರೋಗಾಣು ಅವೆಲ್ಲವನ್ನೂ ಒಮ್ಮೆಲೇ ತಪ್ಪಿಸಿಕೊಳ್ಳುವುದು ಕಷ್ಟ. ಬೇರೆ ಸಸ್ಯಕುಟುಂಬದ ಗ್ರಾಹಕವನ್ನು ತರುವುದೂ ಸಾಧ್ಯ: ಸಾಸಿವೆ ಕುಟುಂಬದಲ್ಲಿ ಮಾತ್ರ ಇರುವ ಇಎಫ್‌ಆರ್ ಗ್ರಾಹಕವನ್ನು ಟೊಮೆಟೊಗೆ ಸೇರಿಸಿದಾಗ ಸೊರಗು ರೋಗದ ಬ್ಯಾಕ್ಟೀರಿಯಾಕ್ಕೂ ಒಂದು ಜ್ಯಾಂತೊಮೊನಾಸ್ ಪ್ರಭೇದಕ್ಕೂ ನಿರೋಧ ಹೆಚ್ಚಿತು ಎಂದು 2010ರಲ್ಲಿ ವರದಿಯಾಯಿತು. ಅದು ವಂಶವಾಹಿ ವರ್ಗಾವಣೆಯ ತಂತ್ರವಾದ್ದರಿಂದ ಅದನ್ನು ಬೆಳೆಯಬಹುದೇ ಎಂಬುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು, ಬೆಳೆಗಾರರಾಗಿ ನೀವು ಇಂದು ಆಯ್ದುಕೊಳ್ಳಬಹುದಾದದ್ದಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಮೊದಲು ಎರಡೂ ಭಾಗಗಳಿಂದ ಎಳೆಯ ಚುಕ್ಕೆಗಳಿರುವ ಎಲೆಗಳನ್ನು ಬೇರೆ ಬೇರೆಯಾಗಿ ಸಸ್ಯರೋಗ ಪ್ರಯೋಗಾಲಯಕ್ಕೆ ಕಳಿಸಿ, ಯಾವ ಬ್ಯಾಕ್ಟೀರಿಯಾ, ಸಾಧ್ಯವಾದರೆ ಯಾವ ರೇಸ್ ಎಂದು ಕೇಳಿ. ಸಿಂಪರಣೆಯ ಮೊದಲೇ ಮಾದರಿ ತೆಗೆಯಿರಿ. ವರದಿ ಬರುವವರೆಗೆ ಎಲೆಗಳು ಒದ್ದೆಯಿರುವಾಗ ಗಿಡಗಳ ನಡುವೆ ಓಡಾಡಬೇಡಿ, ನೀರನ್ನು ಮೇಲಿನಿಂದ ಹಾಯಿಸಬೇಡಿ. ರೇಸ್ 1 ಎಂದು ಬಂದರೆ ಪಿಟಿಓ ಇರುವ ಮತ್ತೊಂದು ತಳಿಗೆ ಹೆಚ್ಚಿನ ಹಣ ಕೊಡುವುದರಲ್ಲಿ ಅರ್ಥವಿಲ್ಲ. ಬೆಳೆಯ ಉಳಿಕೆಯನ್ನು ತೆಗೆದುಹಾಕಿ ಆ ಜಾಗದಲ್ಲಿ ಟೊಮೆಟೊ, ಮೆಣಸಿನಕಾಯಿ ಅಲ್ಲದ ಬೆಳೆಯನ್ನು ಬೆಳೆಯುವುದು ಹೆಚ್ಚು ಫಲ ಕೊಡುತ್ತದೆ. ರೇಸ್ 0 ಎಂದು ಬಂದರೆ ಹೊಸ ಬೀಜದಲ್ಲಿ ಪಿಟಿಓ ನಿಜವಾಗಿಯೂ ಇದೆಯೇ ಎಂದು ಮಾರಿದವರನ್ನು ಕೇಳಲು ನಿಮಗೆ ಗಟ್ಟಿಯಾದ ಆಧಾರ ಸಿಕ್ಕಂತಾಗುತ್ತದೆ. ಈ ಹೈಬ್ರಿಡ್‌ನ ಬೀಜವನ್ನು ಇನ್ನು ತೆಗೆದಿಡಬೇಡಿ. ಬೇರೆ ಯಾವುದೇ ಟೊಮೆಟೊದ ಬೀಜವನ್ನು ತೆಗೆದಿಡುವುದಾದರೆ, ಬಿತ್ತುವ ಮೊದಲು ಅದನ್ನು 50 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 25 ನಿಮಿಷ ಇಟ್ಟು, ತಕ್ಷಣ ತಣ್ಣೀರಿಗೆ ಹಾಕಿ ಒಣಗಿಸಿ. ಉಷ್ಣಾಂಶ ಎರಡು ಮೂರು ಡಿಗ್ರಿ ಏರಿದರೂ ಮೊಳಕೆ ಕಡಿಮೆಯಾಗುತ್ತದೆ, ಇಳಿದರೆ ಬ್ಯಾಕ್ಟೀರಿಯಾ ಉಳಿಯುತ್ತದೆ. ಆದ್ದರಿಂದ ಒಳ್ಳೆಯ ಉಷ್ಣಮಾಪಕವಿಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ, ಮತ್ತು ಮೊದಲು ಸ್ವಲ್ಪ ಬೀಜವನ್ನು ಮಾತ್ರ ಹೀಗೆ ಮಾಡಿ ಮೊಳಕೆಯನ್ನು ನೋಡಿಕೊಳ್ಳಿ.